ಇಸ್ತ್ರಿ ಬಿದ್ದ ನೆರಳು

ಗೆರೆಯಣ್ಣ ಇಸ್ತ್ರಿ ಹಾಕಿದ ಪ್ಯಾಂಟಿನ ಗೆರೆಗೆ ಸೌತೆಕಾಯಿ ತಾಗಿದರೆ ಎರಡು ಹೋಳಾಗುತ್ತಿತ್ತು. ನಂಬದವರು ಅವನ ಅಕ್ಕನನ್ನು ಕೇಳಬಹುದು. ಅವಳು ಇದಕ್ಕಿಂತ ದೊಡ್ಡದನ್ನೇ ಹೇಳುತ್ತಾಳೆ.

ಅಕ್ಕನದು ಕೈನೆರಳಿನ ಆಟ. ಭಾನುವಾರ ಸಂಜೆ ಪಾರ್ಕಿನಲ್ಲಿ ಹಾಡುವವರು ಹಾಡುತ್ತಾರೆ, ಕುಣಿಯುವವರು ಕುಣಿಯುತ್ತಾರೆ. ಟಿಕೆಟ್ಟಿಲ್ಲ, ಗೇಟಿಗೆ ಚಿಲಕವೂ ಇಲ್ಲ. ಕತ್ತಲು ಇಳಿಯುವ ಹೊತ್ತಿಗೆ ಎರಡು ಮರಗಳ ನಡುವೆ ಅಕ್ಕನ ಬಿಳಿ ಪರದೆ ಏಳುತ್ತದೆ. ಹಿಂದೆ ಒಂದು ದೀಪ, ಅವಳ ಎರಡು ಕೈ. ಅಷ್ಟರಲ್ಲೇ ಆನೆ, ಮೊಲ, ಉದ್ದ ಮೂಗಿನ ಮುದುಕ.

ಆ ಭಾನುವಾರ ಗಾಳಿ ಬಂದು ಪರದೆಯನ್ನು ಉದ್ದಕ್ಕೂ ಸೀಳಿಬಿಟ್ಟಿತು. ಗೇಟಿನ ಪಕ್ಕದಲ್ಲೇ ತಮ್ಮನ ಇಸ್ತ್ರಿ ಅಂಗಡಿ. ಅಕ್ಕ ಓಡಿ ಬಂದು ಮಡಿಚಿಟ್ಟಿದ್ದ ಬಿಳಿ ಚಾದರಕ್ಕೆ ಕೈ ಹಾಕಿದಳು.

"ಅಯ್ಯೋ ಬಿಡಕ್ಕಾ! ಅದು ನರ್ಸಮ್ಮಂದು. ಒಂದು ಕಲೆ ಕಂಡ್ರೆ ನನ್ನನ್ನೇ ಒಗೆದು ಒಣಗಾಕ್ತಾರೆ. ಅವರು ಬಿಟ್ರೆ ಆಸ್ಪತ್ರೆಯೋರೆಲ್ಲ ಬಿಟ್ಟಂಗೆ. ಅಂಗಡಿ ಮುಚ್ಚಬೇಕಾಗುತ್ತೆ."

"ನೆರಳಿಗೆ ಎಲ್ಲಿಯ ಕೊಳೆಯೋ ದಡ್ಡ? ಬಿದ್ರೂ ತಾನೇ ಎದ್ದು ಹೋಗುತ್ತೆ."

ಅಕ್ಕನ ಮಾತಿಗೆ ಎದುರಾಡಿ ಗೆದ್ದವರುಂಟೇ? ಚಾದರ ಮರಕ್ಕೇರಿತು.

ಕೊನೆಗೊಂದು ಹಕ್ಕಿ ಬಂತು. ರೆಕ್ಕೆ ಬಿಚ್ಚಿ ಎಷ್ಟು ನಿಧಾನವಾಗಿ ಹಾರಿತೆಂದರೆ, ಜನ ಚಪ್ಪಾಳೆ ಮರೆತರು, ಎಲೆಗಳು ಅಲುಗುವುದನ್ನು ಮರೆತವು. ಗೆರೆಯಣ್ಣ ಮಾತ್ರ ಚಾದರವನ್ನು ಮರೆಯಲಿಲ್ಲ. ದೀಪ ಆರಿದ್ದೇ ತಡ, ಅದನ್ನು ಕಿತ್ತುಕೊಂಡು ಹೋಗಿ ಕಾದ ಇಸ್ತ್ರಿಪೆಟ್ಟಿಗೆ ಎಳೆದುಬಿಟ್ಟ.

ಅದೇ ಎಡವಟ್ಟು. ನೆರಳು ಇನ್ನೂ ಬಟ್ಟೆಯಿಂದ ಇಳಿದಿರಲಿಲ್ಲ.

ಹಕ್ಕಿ ಅಚ್ಚಾಗಿ ಕೂತಿತು. ಸೋಪು ತಿಕ್ಕಿದ, ನಿಂಬೆಹಣ್ಣು ತಿಕ್ಕಿದ. ಅದು ಹಾಯಾಗಿ ಸ್ನಾನ ಮಾಡಿ ಪುಕ್ಕ ಕೊಡವಿತು. ಬೆಳಿಗ್ಗೆ ರಾತ್ರಿಪಾಳಿ ಮುಗಿಸಿ ಕೆಂಗಣ್ಣಿನ ನರ್ಸಮ್ಮ ಬಂದಾಗ, ಹಕ್ಕಿಯನ್ನು ಚಾದರದ ಮಡಿಕೆಯೊಳಗೆ ಮುಚ್ಚಿ ಕೊಟ್ಟುಬಿಟ್ಟ.

ವಾರವಿಡೀ ಅವಳ ಸುಳಿವಿಲ್ಲ. ಬೈಗುಳವೂ ಇಲ್ಲ, ಬಟ್ಟೆಯೂ ಇಲ್ಲ. ಅಂಗಡಿ ಹೋದ ಹಾಗೆಯೇ ಎಂದುಕೊಂಡ ಗೆರೆಯಣ್ಣ.

ಮತ್ತೆ ಭಾನುವಾರ. ಹೊಲಿಗೆ ಹಾಕಿದ ಹಳೆ ಪರದೆಯ ಹಗ್ಗವನ್ನು ಗೆರೆಯಣ್ಣ ಬಿಗಿಯುತ್ತಿದ್ದಾಗ ನರ್ಸಮ್ಮ ಚಾದರವನ್ನು ಕಂಕುಳಲ್ಲಿಟ್ಟುಕೊಂಡು ನೆಟ್ಟಗೆ ಬಂದಳು.

"ಏನಪ್ಪಾ, ಏನು ಮಾಡಿದ್ದೆ ಇದಕ್ಕೆ?"

"ತಪ್ಪಾಯ್ತಮ್ಮ, ನಿಮ್ಮನ್ನ ಕೇಳದೆ ಆಟಕ್ಕೆ ಕೊಟ್ಟೆ. ಹೊಸದು ತಂದ್ಕೊಡ್ತೀನಿ."

"ಹೊಸದು ಯಾರಿಗೆ ಬೇಕು? ಎಷ್ಟೋ ವರ್ಷದ ಮೇಲೆ ಹಗಲಲ್ಲಿ ಕಣ್ತುಂಬ ನಿದ್ದೆ ಮಾಡಿದೆ ಕಣೋ. ಇದನ್ನ ಹೊದ್ದು ಮಲಗಿದ್ರೆ, ಕಿಟಕಿ ಬಿಸಿಲಿಗೆ ಇದರಲ್ಲಿದ್ದ ಹಕ್ಕಿ ರೆಕ್ಕೆ ಅಡ್ಡ ಹಿಡೀತಿತ್ತು. ಇವತ್ತು ಎದ್ದು ನೋಡ್ತೀನಿ, ಚಾದರ ಖಾಲಿ! ಕಿಟಕಿ ತೆರೆದಿಟ್ಟಿದ್ದು ನಂದೇ ತಪ್ಪು. ಎಲ್ಲಿಗೆ ಹೋಯ್ತು, ಹೇಳು?"

ಗೆರೆಯಣ್ಣ ಬಾಯಿ ಬಿಡುವ ಮೊದಲೇ ಜನ "ಓ" ಎಂದರು. ಅಕ್ಕ ದೀಪ ಹಚ್ಚಿ ಇನ್ನೂ ಜಡೆ ಕಟ್ಟಿಕೊಳ್ಳುತ್ತಿದ್ದಳು, ದೀಪದ ಮುಂದೆ ಕೈ ಹಿಡಿದಿರಲಿಲ್ಲ. ಪರದೆಯ ಮೇಲೆ ಮಾತ್ರ ಹಕ್ಕಿಯೊಂದು ತೇಲಿ ಬಂದು, ರೆಕ್ಕೆ ಮಡಿಚಿ, ಹೊಲಿಗೆಯ ಮೇಲೆ ಕೂತಿತು.

ನರ್ಸಮ್ಮ ಪರದೆಯ ಹತ್ತಿರ ಹೋಗಿ ಹೊಲಿಗೆಯನ್ನು ಮುಟ್ಟಿ ನೋಡಿದಳು.

"ಪಾಪ, ಆ ಹೊಲಿಗೆ ಒತ್ತುತ್ತೆ ಅದಕ್ಕೆ," ಎಂದು ಚಾದರವನ್ನು ಗೆರೆಯಣ್ಣನ ಕೈಗಿಟ್ಟಳು. "ಇದನ್ನೇ ಕಟ್ಟು. ಪ್ರತಿ ವಾರವೂ ಕಟ್ಟು. ಆಟ ಮುಗಿದ ತಕ್ಷಣ ಇಸ್ತ್ರಿ ಹಾಕಿ ಕೊಡು. ಹುಷಾರು, ಗೆರೆ ರೆಕ್ಕೆ ಮೇಲೆ ಬಂದ್ರೆ ನಾನು ಬೇರೆ ಅಂಗಡಿ ನೋಡ್ಕೋತೀನಿ."