ಕತ್ತಿ ಕುತ್ತಿಗೆಯ ಮೇಲಿದ್ದಾಗ

ಆ ಕ್ಷೌರಿಕನ ಬಾಯಿಗೆ ಬೀಗವಿಲ್ಲ ಎಂದು ಬೀದಿಯವರೆಲ್ಲ ಹೇಳುತ್ತಿದ್ದರು, ಸುಳ್ಳೇನಲ್ಲ. ಆದರೆ ಅದೇ ಮನುಷ್ಯನನ್ನು ಮೈಕಿನ ಮುಂದೆ ನಿಲ್ಲಿಸಿ ನೋಡಿ, ನಾಲಿಗೆ ಒಣಗಿ ಚರ್ಮದ ಪಟ್ಟಿಯಾಗುತ್ತಿತ್ತು. ಈಗ ನಿಲ್ಲಲೇಬೇಕಿತ್ತು. ವಾಹನ ನಿಲ್ಲಿಸಲು ಜಾಗ ಬೇಕೆಂದು ನಗರಸಭೆ ಅವನ ಅಂಗಡಿಸಾಲನ್ನೇ ಕೆಡವಲು ಹೊರಟಿತ್ತು. ಸೋಮವಾರದ ಸಭೆಯಲ್ಲಿ ಅಂಗಡಿಯವರ ಪರ ಒಬ್ಬರು ಮಾತಾಡಬಹುದು. ಎಲ್ಲರೂ ಸೇರಿ ಇವನನ್ನೇ ಮುಂದೆ ತಳ್ಳಿದ್ದರು.

ಓಡಿದ್ದು ಅಕ್ಕನ ಮನೆಗೆ. ಅಕ್ಕ ದೊಡ್ಡ ದೊಡ್ಡ ಅಧಿಕಾರಿಗಳಿಗೆ ಭಾಷಣ ಬರೆದುಕೊಟ್ಟೇ ಕೂದಲು ಹಣ್ಣು ಮಾಡಿಕೊಂಡವಳು. ಚಪ್ಪಾಳೆ ಅವರಿಗೆ, ಬೆನ್ನುನೋವು ಇವಳಿಗೆ. ಅದಕ್ಕೆ ಬೇಜಾರೂ ಇರಲಿಲ್ಲ; ಬರೆದವರು ಕಾಣದಿದ್ದರೇ ಅದು ಭಾಷಣ ಎನ್ನುತ್ತಿದ್ದಳು.

ಒಂದೇ ಸಂಜೆಗೆ ಬರೆದುಕೊಟ್ಟಳು: 'ಸನ್ಮಾನ್ಯ ಸಭಾಧ್ಯಕ್ಷರೇ, ನಗರದ ಸರ್ವತೋಮುಖ ಅಭಿವೃದ್ಧಿಯ ಈ ಪರ್ವಕಾಲದಲ್ಲಿ...' ತಮ್ಮ ಸೋಪಿನ ನೊರೆ ನುಂಗಿದವನ ಹಾಗೆ ಓದಿದ.

"ಏನೋ ಇದು ಓದೋ ರೀತಿ, ಹೆಣಕ್ಕೆ ಕೋಟು ಹಾಕ್ದಂಗಿದೆ!" ಎಂದಳು ಅಕ್ಕ.

"ಕೋಟು ನಿನ್ನ ಸಾಹೇಬ್ರದ್ದು ಕಣಕ್ಕಾ. ನನ್ಗೆಲ್ಲಿ ಆಗತ್ತೆ?"

ಮಾತು ನಾಟಿತು. ಅಳತೆ ತೆಗೆಯದೆ ಹೊಲಿದಿದ್ದಳು ಅವಳು. ಮರುದಿನ ಬೆಳಿಗ್ಗೆಯೇ ಅಂಗಡಿಗೆ ಹೋಗಿ ಬೆಂಚಿನ ಮೇಲೆ ಕೂತಳು. ತಮ್ಮ ಯಾರದೋ ಮನೆಯ ಕಳ್ಳತನದ ಕತೆ ಹೊಡೆಯುತ್ತಿದ್ದ.

"ಬಾಗ್ಲು ತೆಗೆದು ನೋಡಿದ್ರೆ, ಒಳಗೆ ಯಾರಿದ್ರು ಅಂತೀರಾ..."

ಅಷ್ಟಕ್ಕೆ ಗಿರಾಕಿಯ ಗದ್ದ ಎತ್ತಿ, ಕತ್ತಿ ಇಟ್ಟು, ಬಾಯಿ ಮುಚ್ಚಿದ. ಕತ್ತಿ ಕುತ್ತಿಗೆಯ ಮೇಲಿದ್ದಾಗ ಮಾತಾಡಬಾರದು. ಅದು ಅಪ್ಪ ಕಲಿಸಿದ ಪಾಠ. ಗಿರಾಕಿ ಮುಂದೇನೆಂದು ಕೇಳುವಂತಿಲ್ಲ, ಅಲುಗುವಂತಿಲ್ಲ, ಕನ್ನಡಿಯಲ್ಲಿ ಕಣ್ಣು ಮಾತ್ರ ಪಿಳಿಪಿಳಿ. ಬೆಂಚಿನವರೂ ಉಸಿರು ಬಿಗಿಹಿಡಿದಿದ್ದರು. ಸಿಕ್ಕಿತು ಎಂದು ಅಕ್ಕ ತೊಡೆ ತಟ್ಟಿಕೊಂಡಳು. 'ಇಲ್ಲಿ ಸ್ವಲ್ಪ ನಿಲ್ಲಿಸಿ ಸಾರ್' ಎಂದು ಎಷ್ಟು ಗೋಗರೆದರೂ ಸಾಹೇಬರುಗಳಿಗೆ ಒಲಿಯದ ವಿದ್ಯೆ ಇವನ ಕೈಯಲ್ಲೇ ಇತ್ತು!

ಮಧ್ಯಾಹ್ನದವರೆಗೂ ಕೇಳಿ, ಅವನು ಹೇಳಿದ ಕತೆಗಳಲ್ಲೇ ಒಂದನ್ನು ಆರಿಸಿ, ಅವನ ಮಾತಿನಲ್ಲೇ ಬರೆದಳು. ನಿಲ್ಲಿಸಬೇಕಾದ ಕಡೆಯೆಲ್ಲ 'ಕತ್ತಿ' ಎಂದು ಗುರುತು. ತಾಲೀಮಿನಲ್ಲಿ ಪುಣ್ಯಾತ್ಮ ಅದನ್ನೂ ಗಟ್ಟಿಯಾಗಿ ಓದಿಬಿಟ್ಟ.

"ಅಯ್ಯೋ ಮಂಕೇ, ಸಭೇಲಿ ಕತ್ತಿ ಅಂತ ಕೂಗಿದ್ರೆ ಪೊಲೀಸ್ನೋರು ಬರ್ತಾರೆ! ಗದ್ದ ಹಿಡ್ಕೊಂಡಿದೀನಿ ಅನ್ಕೊಂಡು ಸುಮ್ನೆ ನಿಂತ್ಕೋ."

"ಯಾರ ಗದ್ದ?"

"ಅಧ್ಯಕ್ಷರದ್ದೇ ಅನ್ಕೋ, ಹೋಗು!"

ಸೋಮವಾರ ಸಭೆ ಕಿಕ್ಕಿರಿದಿತ್ತು. ಅಕ್ಕ ಕೊನೆಯ ಸಾಲಿನಲ್ಲಿ ಕೂತಳು.

"ನಮ್ಮ ಅಂಗಡಿಗೆ ಒಬ್ರು ಮೇಷ್ಟ್ರು ಬರ್ತಾರೆ ಸಾರ್. ಹೆಂಡ್ತಿ ತೀರ್ಕೊಂಡಿದಾರೆ. ವಾರಕ್ಕೆರಡು ಸಲ ಬಂದು ಕಟಿಂಗ್ ಅಂತ ಕೂರ್ತಾರೆ." ಕತ್ತಿ. "ತಲೆ ನೋಡಿದ್ರೆ, ಪೂರ್ತಿ ಬೋಳು."

ಸಭೆ ಘೊಳ್ಳೆಂದಿತು. ಅವನು ನಗು ಇಳಿಯಲು ಬಿಟ್ಟ.

"ಏನು ಕತ್ತರಿಸ್ಲಿ ಅಂತ ನಾನು ಕೇಳಿಲ್ಲ. ಏನು ಕತ್ತರಿಸ್ದೆ ಅಂತ ಅವ್ರೂ ಕೇಳಿಲ್ಲ. ಕತ್ತರಿ ಸುಮ್ನೆ ಗಾಳೀಲಿ ಆಡತ್ತೆ, ಅವ್ರು ಮಾತಾಡ್ತಾರೆ."

ಮತ್ತೆ ಕತ್ತಿ. ಆದರೆ ಇದು ಮುಗಿಯಲೇ ಇಲ್ಲ. ಅಕ್ಕ ಕುರ್ಚಿಯ ತುದಿಗೆ ಸರಿದು ಇಣುಕಿದಳು: ಮರೆತನೋ ಏನು ಕತೆ! ನೋಡಿದರೆ ಅವನು ನೆಟ್ಟಗೆ ನಿಂತಿದ್ದ. ಅಧ್ಯಕ್ಷರ ಗದ್ದ ತಾನಾಗಿಯೇ ಮೇಲೆದ್ದಿತ್ತು.

"ಅಂಗ್ಡಿ ಕೆಡವಿದ್ರೆ ಕಾರಿಗೇನೋ ಜಾಗ ಆಗತ್ತೆ ಸಾರ್. ಮೇಷ್ಟ್ರು ಎಲ್ಲಿಗೆ ಹೋಗ್ಬೇಕು?"

ಕೂತುಬಿಟ್ಟ. ಚಪ್ಪಾಳೆ ನಿಧಾನಕ್ಕೆ ಎದ್ದು ಜೋರಾಯಿತು. ಅಂಗಡಿಗಳು ಇದ್ದಲ್ಲೇ ಇರಲಿ, ಹಳೆಯ ಗೋದಾಮಿನ ಹಿಂದೆ ವಾಹನ ನಿಲ್ಲಲಿ ಎಂದು ಅಂದೇ ತೀರ್ಮಾನವಾಯಿತು.

ಮುಂದಿನ ವಾರ ಅಧ್ಯಕ್ಷರೇ ಗಡ್ಡ ತೆಗೆಸಲು ಬಂದು ಕುರ್ಚಿಯಲ್ಲಿ ಒರಗಿದರು.

"ಎಂಥಾ ಭಾಷಣ ಮಾರಾಯಾ! ನಿಜ ಹೇಳು, ಯಾರು ಬರ್ಕೊಟ್ಟಿದ್ದು?"

"ಅದೊಂದು ದೊಡ್ಡ ಕತೆ ಸಾರ್. ಬರ್ದಿದ್ದು ಯಾರು ಅಂತೀರಾ..."

ಗದ್ದ ಎತ್ತಿ ಕತ್ತಿ ಇಟ್ಟ. ಅಧ್ಯಕ್ಷರ ಕಣ್ಣು ಪಿಳಿಪಿಳಿ. ಬೆಂಚಿನ ಮೇಲಿದ್ದ ಅಕ್ಕ ಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿದು, ಹೊಟ್ಟೆ ಕುಲುಕಿಸುತ್ತ ಸದ್ದಿಲ್ಲದೆ ನಕ್ಕಳು.