ಉಗುರುಬಣ್ಣದ ಗೆರೆ

"ಆ ಕಾಲಿಟ್ಕೊಂಡು ಮೆಟ್ಟಿಲಿಳಿಯೋವಾಗ ನೀನು ಹಿಡಿಯೋದು ಬೇಡ ಕಣೋ," ಎಂದು ಚಿಕ್ಕಮ್ಮ ಅಡ್ಡ ಬರುವಷ್ಟರಲ್ಲಿ ತಮ್ಮ ಆಗಲೇ ಅಕ್ಕನ ಶವಪೆಟ್ಟಿಗೆಯ ಮುಂದಿನ ಹಿಡಿಕೆಗೆ ಕೈ ಹಾಕಿಯಾಗಿತ್ತು. ಹಟದಲ್ಲಿ ಅವನೂ ಅಕ್ಕನಿಗೇನು ಕಡಿಮೆಯಿರಲಿಲ್ಲ.

ಮೆಟ್ಟಿಲಿಳಿಯುವಾಗ ಅವನ ಕೃತಕ ಕಾಲಿನ ಮಂಡಿ ಟಕ್ ಟಕ್ ಎನ್ನುತ್ತಿತ್ತು. ಕೀಲಿನೊಳಗಿನ ಬುಷ್, ಅಂದರೆ ಬಳೆಯಂಥ ಪ್ಲಾಸ್ಟಿಕ್ ತುಂಡು, ಮತ್ತೆ ಸವೆದಿತ್ತು.

ಕೆಳಗೆ ವ್ಯಾನಿನ ಹತ್ತಿರ ಫಿಟ್ಟರ್ ಚಡಪಡಿಸುತ್ತಿದ್ದ. ಕಾರ್ಖಾನೆಯ ಪರೀಕ್ಷಾ ಕೋಣೆಯಲ್ಲಿ ಅಕ್ಕನ ಜೊತೆಗಾರ ಅವನು.

"ಅಣ್ಣಾ, ಎಡವಟ್ಟಾಗ್ತಿದೆ. ನಮ್ಮ ವ್ಯಾನ್ ಕಾರ್ಖಾನೆ ಗೇಟಿನ ಮುಂದೆ ಬಂದ ಕೂಡ್ಲೆ ಗೌರವಕ್ಕೆ ಎಲ್ಲಾ ಮಷಿನ್ ನಿಲ್ಲಿಸ್ಬೇಕಂತೆ. ಅಕ್ಕನ ಮಷಿನ್ನೂ! ಬೇಡ ಸಾರ್ ಅಂದ್ರೆ, ಸತ್ತವರಿಗೆ ಮರ್ಯಾದೆ ಕೊಡೋಕೂ ಬರಲ್ವಾ ಅಂತ ಮ್ಯಾನೇಜರ್ ನನಗೇ ಬೈದ್ರು."

"ನಿಂತ್ರೆ ಏನಾಗುತ್ತಪ್ಪ?" ಚಿಕ್ಕಮ್ಮ ಕೇಳಿದರು.

"ಇಷ್ಟು ದಿನದ ಪರೀಕ್ಷೆ ನೀರಲ್ಲಿ ಹೋಮ ಆಗುತ್ತೆ. ಇನ್ನೊಂದು ಸಲಕ್ಕೆ ಮೇಲಿನವರು ಬಿಡಲ್ಲ. ಇದೇ ಕೊನೇದು ಅಂತ ಖಡಾಖಂಡಿತ ಹೇಳಿದಾರೆ."

"ಹೆಣ ಮುಂದಿಟ್ಕೊಂಡು ಮಷಿನ್ ಮಾತಾಡ್ತೀರಲ್ರೋ!"

"ಅಕ್ಕ ಇದ್ದಿದ್ರೆ ಅವಳೂ ಅದನ್ನೇ ಮಾತಾಡ್ತಿದ್ಲು," ಎಂದ ತಮ್ಮ, ವ್ಯಾನ್ ಹತ್ತುತ್ತಾ. "ನೇರ ಕಾರ್ಖಾನೆಗೆ ನಡೀರಿ."

ದಾರಿಯಲ್ಲಿ ಚಿಕ್ಕಮ್ಮ ಕೈಚೀಲದಿಂದ ಒಂದು ಪುಟ್ಟ ಸೀಸೆ ತೆಗೆದರು. "ಅವಳ ಬ್ಯಾಗಲ್ಲಿ ಸಿಕ್ತು, ಕೆಂಪು ಉಗುರುಬಣ್ಣ! ಒಂದು ದಿನ ಹಚ್ಕೊಂಡಿದ್ದು ನಾನು ನೋಡಿಲ್ಲ. ಎಲ್ಲರ ಕಣ್ಣಿಗೆ ಮಣ್ಣೆರಚಿ ಎಲ್ಲಿ ಅಲಂಕಾರ ಮಾಡ್ಕೊಳ್ತಿದ್ಲೋ!"

ಅಳುತ್ತಿದ್ದ ಫಿಟ್ಟರ್‌ಗೆ ನಗು ಬಂತು. "ಅದು ಉಗುರಿಗಲ್ಲಮ್ಮ."

*

ಕಾರ್ಖಾನೆಯಲ್ಲಿ ಅವಳಿಗೆ ಸವೆತದಕ್ಕ ಎಂದೇ ಹೆಸರು. ಮಂಡಿಯ ಬುಷ್ ಸವೆದು ನಡುರಸ್ತೆಯಲ್ಲಿ ತಮ್ಮ ಬಿದ್ದ ದಿನ, ಬೇಗ ಸವೆಯದ ಬುಷ್ ಮಾಡಿಯೇ ತೀರುತ್ತೇನೆಂದು ಅವಳು ಪಟ್ಟು ಹಿಡಿದಿದ್ದಳು. ಪ್ಲಾಸ್ಟಿಕ್ಕಿಗೆ ಗಾಜಿನ ನಾರು ಬೆರೆಸಿದರೆ ಬುಷ್ ಗಟ್ಟಿಯಾಗುತ್ತದೆ, ನಿಜ. ಆದರೆ ನಾರು ಕಿತ್ತು ಬಂದರೆ ಅದೇ ಉಪ್ಪುಕಾಗದದ ಹಾಗೆ ಉಜ್ಜಿ ಬುಷ್ಷನ್ನು ತಿಂದುಹಾಕುತ್ತದೆ.

"ಗಟ್ಟಿ ಇದ್ರೆ ಸಾಲ್ದು, ಒಂದಕ್ಕೊಂದು ಕಚ್ಕೊಂಡಿರ್ಬೇಕು," ಎನ್ನುತ್ತಿದ್ದಳು. ನಾರು ಬಿಡದೆ ಹಿಡಿಯಲೆಂದು ಅದಕ್ಕೊಂದು ಲೇಪ ಕೊಟ್ಟಳು, ನುಣ್ಣಗೆ ಜಾರಲೆಂದು ಗ್ರಾಫೈಟ್ ಪುಡಿ ಬೆರೆಸಿದಳು. ಪುಡಿ ಹೆಚ್ಚಾದರೆ ಬುಷ್ ಮುರಿಯಿತು, ಕಡಿಮೆಯಾದರೆ ಸವೆಯಿತು. ಫಿಟ್ಟರ್ ಕೈಚೆಲ್ಲಿ ಕೂತರೆ, "ಏಳೋ, ಇನ್ನೊಂದು ಹದ ನೋಡೋಣ," ಎಂದು ಎಬ್ಬಿಸುತ್ತಿದ್ದಳು.

ಪರೀಕ್ಷೆಯೆಂದರೆ, ತಿರುಗುವ ಉಕ್ಕಿನ ತಟ್ಟೆಗೆ ಹೊಸ ಹದದ ತುಂಡನ್ನು ಒತ್ತಿ ದಿನಗಟ್ಟಲೆ ಉಜ್ಜಬೇಕು. ಉಜ್ಜುತ್ತಾ ತಟ್ಟೆಯ ಮೇಲೆ ತೆಳ್ಳನೆಯ ಕಪ್ಪು ಪೊರೆ ಕಟ್ಟುತ್ತದೆ. ನಡುವೆ ನಿಂತು ತಣ್ಣಗಾದರೆ ಪೊರೆ ಕೆಟ್ಟು ಲೆಕ್ಕವೆಲ್ಲ ತಪ್ಪುತ್ತದೆ. ತುಂಡು ಎಲ್ಲಿಯವರೆಗೆ ಸವೆಯಬಹುದೋ ಅಲ್ಲಿ ಅವಳು ಉಗುರುಬಣ್ಣದಿಂದ ಗೆರೆ ಎಳೆಯುತ್ತಿದ್ದಳು. ಅದುವರೆಗೆ ಯಾವ ತುಂಡಿನ ಗೆರೆಯೂ ಉಳಿದಿರಲಿಲ್ಲ.

"ಉಗುರಿಗೆ ಯಾವಾಗ ಹಚ್ಕೊಳ್ತೀಯೇ?" ತಮ್ಮ ಕೆಣಕುತ್ತಿದ್ದ.

"ಗೆರೆ ಉಳಿದ ದಿನ."

ಮೂರು ದಿನದ ಹಿಂದೆ ಕೊನೆಯ ತುಂಡಿಗೆ ಗೆರೆ ಎಳೆದು, ಮಷಿನ್ ಚಾಲು ಮಾಡಿ ಮನೆಗೆ ಬಂದವಳ ಹೃದಯ ಆ ಸಂಜೆಯೇ ನಿಂತುಹೋಗಿತ್ತು.

*

ಪರೀಕ್ಷಾ ಕೋಣೆಗೆ ತಮ್ಮ ನುಗ್ಗಿದಾಗ ಮ್ಯಾನೇಜರ್ ಕೈ ಸ್ವಿಚ್ಚಿನ ಮೇಲಿತ್ತು.

"ಸಾರ್, ಕೈ ತೆಗೀರಿ."

"ನಿಮ್ಮಕ್ಕನ ಗೌರವಕ್ಕೆ ಕಣಯ್ಯಾ." ಮ್ಯಾನೇಜರ್ ಕಣ್ಣೂ ಒದ್ದೆಯಾಗಿತ್ತು.

"ಗೌರವ ಅಂತ ಅವಳ ಕೆಲಸಕ್ಕೇ ಕಲ್ಲು ಹಾಕ್ಬೇಡಿ. ಇದು ಮುಗಿಯೋವರೆಗೂ ಅಕ್ಕ ಗೇಟಲ್ಲೇ ಕಾಯ್ತಾಳೆ."

ಮ್ಯಾನೇಜರ್ ಕಿಟಕಿಯಾಚೆ ನಿಂತ ವ್ಯಾನನ್ನು ನೋಡಿ ನಿಧಾನವಾಗಿ ಕೈ ತೆಗೆದರು. ಬೇರೆಲ್ಲ ಮಷಿನ್ ನಿಂತವು. ಎಲ್ಲರೂ ತಲೆ ಬಾಗಿಸಿ ನಿಂತ ಆ ಮೌನದಲ್ಲಿ ಅಕ್ಕನ ಮಷಿನ್ ಒಂದೇ ಗುಂಯ್ ಎನ್ನುತ್ತಿತ್ತು.

ಮಧ್ಯಾಹ್ನ ಅದು ತಾನಾಗಿಯೇ ನಿಂತಿತು. ಫಿಟ್ಟರ್ ತುಂಡನ್ನು ಬಿಚ್ಚಿ, ಬಟ್ಟೆಯಲ್ಲಿ ಒರೆಸಿ, ತಮ್ಮನ ಅಂಗೈಗೆ ಹಾಕಿದ. ತುಂಡು ಇನ್ನೂ ಬಿಸಿಯಾಗಿತ್ತು. ಕೆಂಪು ಗೆರೆ ಹಾಗೇ ಇತ್ತು.

ತಮ್ಮ ಅದನ್ನು ಹಿಡಿದು ವ್ಯಾನ್ ಹತ್ತಿ ಪೆಟ್ಟಿಗೆಯ ಮುಚ್ಚಳ ಸರಿಸಿದ. "ಚಿಕ್ಕಮ್ಮಾ, ಆ ಸೀಸೆ ಕೊಡಿ."

ಅಕ್ಕನ ಉಗುರಿನ ಸಂದಿಯಲ್ಲಿ ಗ್ರಾಫೈಟಿನ ಕಪ್ಪು ಇನ್ನೂ ಇತ್ತು. ಅವನು ಹಚ್ಚಿದ ಬಣ್ಣ ಬೆರಳಿಗೆಲ್ಲ ಮೆತ್ತಿಕೊಂಡಿತು.

"ಕೊಡಿಲ್ಲಿ, ಹೀಗೇನೋ ಹಚ್ಚೋದು?" ಎಂದು ಚಿಕ್ಕಮ್ಮ ಕಣ್ಣೊರೆಸಿಕೊಂಡು ಅಕ್ಕನ ಕೈಯನ್ನು ತೊಡೆಯ ಮೇಲೆ ಎಳೆದುಕೊಂಡರು. ಹತ್ತೂ ಬೆರಳಿಗೆ ಹಚ್ಚಿ, ಒಣಗಲೆಂದು ಮೆಲ್ಲಗೆ ಊದತೊಡಗಿದರು.