ಪ್ಲೇಟಿನ ಮೇಲಿನ ಹೆಸರು

ಮೈದಾ ಅಂಟಿಗೆ ಮೈಲುತುತ್ತ ಹಾಕದಿದ್ರೆ ದನಗಳು ಗೋಡೆ ನೆಕ್ಕಿ, ಅಂಟಿಸಿದ ಕಾಗದಾನೇ ತಿಂದ್ಬುಡ್ತವೆ. ಹಾಕಿದ್ರೆ ಅದು ನಮ್ಮ ಕೈ ತಿನ್ನುತ್ತೆ. ನನ್ನ ಬೆರಳಿನ ಸಂದಿಗಳು ಯಾವತ್ತೂ ಬಿರುಕು ಬಿಟ್ಟೇ ಇರ್ತಿದ್ವು. ಸಾರಿಗೆ ಹುಣಿಸೆಹಣ್ಣು ಕಿವುಚೋವಾಗ ಪ್ರಾಣ ಹೋದಂಗಾಗೋದು.

ದೇವರಾಜ ಮೊಹಲ್ಲಾದ ಒಂದು ಓಣೀಲಿ, ಎಣ್ಣೆ ಅಂಗಡಿ ಹಿಂದಿನ ಒಂದೇ ಕೋಣೆ ನಮ್ಮ ಮನೆ. ಅದೇ ನಮ್ಮ ಅಂಗಡಿ. ಬಾಗಿಲ ಮೇಲೆ ನಮ್ಮ ಯಜಮಾನ್ರು ಚೆಂದವಾಗಿ ಬೋರ್ಡು ಬರೆದಿದ್ರು: 'ಆರೋಗ್ಯಪ್ಪ, ಪ್ರಚಾರದವರು'. ಅವರು ಮೊದಲು ಅಂಗಡಿಗಳ ಬೋರ್ಡು ಬರೀತಿದ್ರು. ಊರಿಗೆ ಮಾತಾಡೋ ಸಿನಿಮಾ ಬಂದ ಹೊಸದ್ರಲ್ಲಿ ಅದನ್ನ ಬಿಟ್ಟು ಇದಕ್ಕೆ ಕೈ ಹಾಕಿದ್ರು.

"ಏ ಮೇರಿ, ಮದರಾಸಿನಿಂದ ಯಾರೋ ಬಂದು ಕೆಮ್ಮಿದ್ರೂ ಗೋಡೆಗೋಡೆಗೂ ಬಣ್ಣದ ಕಾಗದ ಬೀಳುತ್ತೆ. ನಮ್ಮೂರ ಪಿಟೀಲಿನವನು ಪಕ್ಕದ ಬೀದೀಲಿ ನುಡಿಸಿದ್ರೂ ಒಂದು ನರಪಿಳ್ಳೆಗೂ ಗೊತ್ತಾಗಲ್ಲ. ಇವರ ಹೆಸರನ್ನ ಯಾರಾದ್ರೂ ಕೂಗಬೇಕಲ್ಲ?" ಅಂತಿದ್ರು.

ಅವರೇ ಕೂಗಿದ್ರು. ಬಾಡಿಗೆ ಜಟಕಾ, ಮುಂದೆ ತಮಟೆ ಚಿಕ್ಕಯ್ಯ, ಹಿಂದೆ ತಗಡಿನ ಭೋಂಗಾ ಹಿಡ್ಕೊಂಡು ಇವರು. ಕರಪತ್ರ ಹಂಚೋದು, ಗೋಡೆಗೆ ಅಂಟಿಸೋದು ಅವರಿಬ್ಬರ ಕೆಲಸ. ಅಂಟು ಕುದಿಸೋದು ನನ್ನದು.

ಬೆಟ್ಟಯ್ಯನ್ನ ಕಂಡುಹಿಡಿದದ್ದೂ ಇವರೇ. ಅಂಟು ಕುದಿಸೋ ದೊಡ್ಡ ಮಡಕೆ ತರೋಕೆ ಕುಂಬಾರಕೊಪ್ಪಲಿಗೆ ಹೋಗಿದ್ರು. ಅಲ್ಲಿ ಬೆಟ್ಟಯ್ಯ ಮಣ್ಣು ತುಳೀತಾ ಹಾಡ್ತಿದ್ದನಂತೆ. ಇವರು ಮಡಕೆ ಮರೆತು ಮನೆಗೆ ಬಂದ್ರು. ಬಂದೋರೇ ಕೂತು ಬರೆದ್ರು: 'ಕುಂಬಾರಕೊಪ್ಪಲಿನ ಬೆಟ್ಟಯ್ಯನವರ ಗಾಯನ'. ಹೆಸರು ಮಾತ್ರ ಗೇಣುದ್ದ.

ಪೇಟೆಯೋರು ತಿರುಗಿ ನೋಡಲಿಲ್ಲ, ಕೊಪ್ಪಲು ಕೇರಿಗಳ ಜನ ಬಂದ್ರು. ಒಂದು ಸಲ ಕೇಳಿದೋರು ಇನ್ನೊಂದು ಸಲ ಬಂದ್ರು. ಅವನ ಹಾಡುಗಳಲ್ಲಿ ಒಂದು ಅವನ ತಾಯಿ ಕಟ್ಟಿದ್ದು. ಆ ಮುದುಕಿ ಗಡಿಗೆ ಸುಡೋ ಆವಿಗೆ ಒಟ್ಟೋವಾಗ ಹೇಳ್ಕೊತಿದ್ದಳಂತೆ:

*ಸುಟ್ಟರೆ ಗಡಿಗೆಯಾದೆ, ಸುಡದಿದ್ದರೆ ಮಣ್ಣಾದೆ,*
*ಹಸಿಮಣ್ಣೆ, ನೀ ಯಾರ ಮನೆ ಸೇರುವೆ?*

ಬೆಟ್ಟಯ್ಯ ಅದನ್ನ ಎತ್ತಿದ್ರೆ ಚಪ್ಪರದಲ್ಲಿ ಒಬ್ಬರೂ ಅಲುಗಾಡ್ತಿರಲಿಲ್ಲ.

ಆ ಸುದ್ದಿ ಸಾಹುಕಾರ ವೆಂಕಟಸುಬ್ಬಯ್ಯನವರ ಕಿವಿಗೂ ಬಿತ್ತು. ಅವರಿಗೆ ನಾಟಕದ ಥಿಯೇಟರಿತ್ತು, ಮಾರ್ಕೆಟ್ಟಿನ ಎದುರು ಗ್ರಾಮಫೋನು ಅಂಗಡಿ ಇತ್ತು. ಹಾಡಿನ ಪ್ಲೇಟು ಮಾಡೋ ಕಂಪನಿಯವರು ಬೆಂಗಳೂರಿಗೆ ಬಂದವ್ರೆ ಅಂತ ಬೆಟ್ಟಯ್ಯನ್ನ ರೈಲು ಹತ್ತಿಸ್ಕೊಂಡು ಹೋದ್ರು. ಅವನು ತಿರುಗಿ ಬಂದು ಮೊದಲು ಹೇಳಿದ್ದು ನನಗೆ.

"ಅಕ್ಕ, ಕೋಣೆ ತುಂಬ ಕಂಬಳಿ ಕಟ್ಟಿದ್ರು. ಗಾಳಿ ಅನ್ನೋದು ಇಲ್ಲ. ನಮ್ಮ ಆವಿಗೆ ಒಳಗೆ ಕೂತು ಹಾಡ್ದಂಗಾಯ್ತು ಕಣಕ್ಕ. ಆದ್ರೂ ಹಾಡ್ಬುಟ್ಟೆ. ಅವ್ವನ ಪದಾನೂ ಹಾಡ್ಬುಟ್ಟೆ. ಇನ್ಮೇಲೆ ನಾನು ಸತ್ರೂ ಅದು ಇರ್ತದಂತೆ."

ಅವನ ಮುಖದಲ್ಲಿ ಅಂಥ ಬೆಳಕು ನಾನು ಯಾವತ್ತೂ ಕಂಡಿರಲಿಲ್ಲ.

ಪ್ಲೇಟು ಬಂತು. ಒಂದು ಬೆಳಿಗ್ಗೆ ವೆಂಕಟಸುಬ್ಬಯ್ಯನವರ ಮೋಟಾರು ನಮ್ಮ ಓಣಿ ಬಾಯಲ್ಲಿ ನಿಂತಿತು. ಅವರ ಜೊತೆ ಅಳಿಯ ದೊರೆಸ್ವಾಮಿ ಇಳಿದ. ಅವರ ನಾಟಕದಲ್ಲೆಲ್ಲಾ ರಾಜಕುಮಾರನ ಪಾರ್ಟು ಅವನದೇ. ನೋಡೋಕೆ ಲಕ್ಷಣವಾಗಿದ್ದ. ದನಿ ಮಾತ್ರ ಒಡಕು.

"ಆರೋಗ್ಯಪ್ಪ, ಊರೆಲ್ಲಾ ಸಾರಬೇಕಯ್ಯ. ಒಂದು ಗೋಡೆ ಬಿಡಬೇಡ," ಅಂದು ಸಾಹುಕಾರ್ರು ಬರೆದು ತಂದಿದ್ದ ಕಾಗದ ಚಾಚಿದ್ರು.

ಇವರು ಓದಿದ್ರು. ಇನ್ನೊಂದು ಸಲ ಓದಿದ್ರು.

"ಸ್ವಾಮಿ, ಇದ್ರಲ್ಲಿ ದೊರೆಸ್ವಾಮಿಯವರ ಕಂಠಸಿರಿ ಅಂತ ಐತಲ್ಲ?"

"ಹೌದು. ಪ್ಲೇಟಿನ ಮೇಲೂ ಹಂಗೇ ಇದೆ."

"ಹಾಡಿದ್ದು ಬೆಟ್ಟಯ್ಯ."

"ಯಾರು ಹಾಡಿದ್ರೇನಯ್ಯ, ಹಾಡು ಹಾಡೇ ಅಲ್ವೇ?"

"ಹಂಗಾದ್ರೆ ಬೆಟ್ಟಯ್ಯನ ಹೆಸರೇ ಇರಲಿ ಬಿಡಿ ಸ್ವಾಮಿ."

ಸಾಹುಕಾರ್ರು ನಕ್ಕರು. "ನೀನು ಲೋಕ ಕಂಡಿಲ್ಲ. ದೊಡ್ಡ ಮನೆಯೋರು ಪ್ಲೇಟು ಕೊಳ್ಳೋದು ನಡುಮನೇಲಿ ಇಟ್ಕೊಳ್ಳೋಕೆ. ಮಣ್ಣು ತುಳಿಯೋನ ಹೆಸರಿದ್ರೆ ಯಾರಯ್ಯ ಕೊಳ್ತಾರೆ? ಅವನಿಗೊಂದು ಜೊತೆ ಪಂಚೆ ಕೊಟ್ಟಿದ್ದೀನಿ. ಅವನೇ ಸುಮ್ಮನಿದ್ದಾನೆ, ನಿನಗೇನು?"

"ಅವನಿಗಿನ್ನೂ ಗೊತ್ತಿಲ್ಲ ಸ್ವಾಮಿ. ನಾನು ಈ ಅಂಗಡಿ ಇಟ್ಟಿದ್ದೇ ಹಾಡೋರ ಹೆಸರು ಕೂಗೋಕೆ. ಅಳಿಸೋಕಲ್ಲ. ಈ ಕೆಲಸ ನನ್ನ ಕೈಲಾಗಲ್ಲ."

ದೊರೆಸ್ವಾಮಿ ತಲೆ ತಗ್ಗಿಸಿ ತನ್ನ ಕಾಲಿನ ಜೋಡು ನೋಡ್ಕೊತಿದ್ದ. ಸಾಹುಕಾರ್ರು ಕಾಗದ ಮಡಚಿ ಜೇಬಿಗಿಟ್ಟರು.

"ಈ ಊರಲ್ಲಿ ಗೋಡೆ ಯಾರವು ಅಂತ ಗೊತ್ತೇನಯ್ಯ ನಿನಗೆ?" ಅಂದು ಹೊರಟುಹೋದ್ರು.

ಗೋಡೆ ಯಾರವು ಅಂತ ಮಾರನೆಯ ದಿನವೇ ಗೊತ್ತಾಯ್ತು. ನಾವು ಅಂಟಿಸಿದ್ದನ್ನೆಲ್ಲ ಕೆರೆದು ಹಾಕಿದ್ರು. ಅಲ್ಲೇ ದೊರೆಸ್ವಾಮಿಯ ನಗುಮುಖ ಬಂತು. ಮುದ್ರಣದವರು ನಮ್ಮ ಕೆಲಸ ಹಿಡಿಯಲ್ಲ ಅಂದ್ರು. ಜಟಕಾದವನು ಕುದುರೆಗೆ ಹುಷಾರಿಲ್ಲ ಅಂದ. ಅದೇ ಕುದುರೆ ಸಾಯಂಕಾಲ ದೊರೆಸ್ವಾಮಿಯ ಹೆಸರು ಹೊತ್ಕೊಂಡು ನಮ್ಮ ಓಣಿ ಮುಂದೇನೇ ಹೋಯ್ತು. ಗ್ರಾಮಫೋನು ಅಂಗಡೀಲಿ ಬೆಳಗಿಂದ ಸಂಜೆವರೆಗೂ ಬೆಟ್ಟಯ್ಯನ ದನಿ. ದಾರೀಲಿ ಹೋಗೋರೆಲ್ಲ ನಿಂತು, "ಎಂಥಾ ಶಾರೀರ ಈ ದೊರೆಸ್ವಾಮೀದು!" ಅಂತ ತಲೆದೂಗೋರು.

ರಾಮನವಮಿ ಚಪ್ಪರದಲ್ಲಿ ಬೆಟ್ಟಯ್ಯನದು ಒಂದು ಕಾರ್ಯಕ್ರಮ ಮೊದಲೇ ನಿಗದಿಯಾಗಿತ್ತು. ನಾವೂ ಹೋಗಿದ್ವಿ. ಅವನು ತಾಯಿಯ ಪದ ಎತ್ತಿದ. ಎರಡು ಸಾಲು ಮುಗಿಯೋದ್ರೊಳಗೆ ಹಿಂದಿನಿಂದ ಯಾರೋ ಕೂಗಿದ್ರು: "ಏಯ್, ಇದು ದೊರೆಸ್ವಾಮಿ ಪ್ಲೇಟಿನದು ಕಣೋ! ಕದ್ದು ಹಾಡ್ತವ್ನೆ!"

ನಗು ಎದ್ದಿತು. ಬೆಟ್ಟಯ್ಯ ನಿಲ್ಲಿಸದೆ ಹಾಡಿ ಮುಗಿಸಿದ. ಆಮೇಲೆ ಜರಿ ಪೇಟದ ಒಬ್ಬ ಹಿರಿಯರು ಅವನ ಹತ್ತಿರ ಬಂದು ಒಳ್ಳೇ ಮನಸ್ಸಿನಿಂದಲೇ ಹೇಳಿದ್ರು:

"ಪ್ಲೇಟು ಕೇಳಿ ಚೆನ್ನಾಗಿ ಕಲಿತಿದ್ದೀಯಪ್ಪ. ಆದ್ರೆ ಮೂಲದ ಸೊಗಸು ಬರಲಿಲ್ಲ ನೋಡು."

ಬೆಟ್ಟಯ್ಯ ಕೈ ಮುಗಿದ. ಚಪ್ಪರದ ಹಿಂದೆ ಬಂದು ಕುಕ್ಕರಗಾಲಲ್ಲಿ ಕೂತ್ಕೊಂಡ. "ಅವ್ವ ಕಟ್ಟಿದ್ದು ಕಣಣ್ಣ. ನಮ್ಮವ್ವ ಕಟ್ಟಿದ್ದನ್ನ ನಾನು ಕದ್ದೆನಂತೆ," ಅಂದ.

ಆ ರಾತ್ರಿ ನಮ್ಮ ಯಜಮಾನ್ರು ಅನ್ನ ಮುಟ್ಟಲಿಲ್ಲ. ಬೆಳಗಾದ ಮೇಲೆ ಚಿಕ್ಕಯ್ಯನ್ನ ಕರೆದ್ಕೊಂಡು ಗ್ರಾಮಫೋನು ಅಂಗಡಿ ಎದುರಿಗೇ ಹೋಗಿ ನಿಂತ್ರು. ತಮಟೆ ಬಿತ್ತು. ಭೋಂಗಾ ಎದ್ದಿತು.

"ಕೇಳ್ರಪ್ಪೋ ಕೇಳಿ! ಈ ಪ್ಲೇಟಿನ ಒಳಗಿರೋ ದನಿ ದೊರೆಸ್ವಾಮೀದಲ್ಲ! ಕುಂಬಾರಕೊಪ್ಪಲಿನ ಬೆಟ್ಟಯ್ಯಂದು! ಪದ ಕಟ್ಟಿದೋಳು ಅವನ ತಾಯಿ! ಹೆಸರು ಹಾಕ್ಕೊಂಡೋನು ಸಾಹುಕಾರನ ಅಳಿಯ!"

ಪೊಲೀಸು ಜಮಾದಾರ ಅಲ್ಲೇ ಇದ್ದ, ಕಾಯ್ಕೊಂಡಿದ್ದೋನ ಹಾಗೆ. ಸಾರೋದಕ್ಕೆ ಪರವಾನಗಿ ಎಲ್ಲಿ ಅಂದ. ಇವರು ತೋರಿಸಿದ್ರು. ಅದನ್ನ ಅವರ ಮುಂದೆಯೇ ಹರಿದು, ಈಗ ಎಲ್ಲಿ ಅಂದ. ಪೊಲೀಸಿನೋರು ಇವರನ್ನ ಠಾಣೆಗೆ ಎಳ್ಕೊಂಡು ಹೋದ್ರು.

ನಾನು ಗಂಜಿ ತಗೊಂಡು ಠಾಣೆಗೆ ಹೋದಾಗ ನಮ್ಮ ಯಜಮಾನ್ರು ಮೂಲೇಲಿ ಕೂತಿದ್ರು. ಬೇರೆ ಎಲ್ಲೂ ಏಟು ಇರಲಿಲ್ಲ. ಬಾಯಿಗೇ ಹೊಡೆದಿದ್ರು. ಮುಂದಿನ ಹಲ್ಲು ಹೋಗಿ ತುಟಿ ಊದಿ ಗಂಜಿ ಒಳಗೆ ಇಳೀಲಿಲ್ಲ. ಜಮಾದಾರನ ಪಕ್ಕದ ಕುರ್ಚೀಲಿ ವೆಂಕಟಸುಬ್ಬಯ್ಯನವರು ಕೂತಿದ್ರು.

"ನೋಡಮ್ಮ ಲೂರ್ದುಮೇರಿ, ನನಗೂ ಕನಿಕರ ಇದೆ. ನಾಳೆ ಅದೇ ಜಾಗದಲ್ಲಿ ನಿಂತು, ನಾನು ಸುಳ್ಳು ಹೇಳಿದೆ ಅಂತ ಒಂದು ಸಲ ಕೂಗಲಿ. ಈಗಲೇ ಬಿಡಿಸ್ತೀನಿ."

ನಾನು ನಮ್ಮ ಯಜಮಾನ್ರ ಮುಖ ನೋಡಿದೆ. ಅವರು ಬೇಡ ಅಂತ ತಲೆ ಆಡಿಸಿದ್ರು. ಆಡಿಸಿದ್ದಕ್ಕೆ ತುಟಿಯಿಂದ ಮತ್ತೆ ರಕ್ತ ಬಂತು.

"ಕೂಗೋ ಬಾಯಿ ಒಡೆದ್ಬುಟ್ಟು, ಈಗ ಕೂಗು ಅಂತೀರಲ್ಲ ಸ್ವಾಮಿ," ಅಂದೆ. ಮುಂದೆ ಮಾತಾಡಿದ್ರೆ ಅವರ ಮುಖಕ್ಕೆ ಉಗಿದ್ಬುಡ್ತಿದ್ದೆ. ಗಂಜಿ ಪಾತ್ರೆ ಅಲ್ಲೇ ಬಿಟ್ಟು ಕುಂಬಾರಕೊಪ್ಪಲಿಗೆ ನಡೆದೆ.

ಬೆಟ್ಟಯ್ಯ ಮಣ್ಣು ತುಳೀತಿದ್ದ. ಹಾಡ್ತಿರಲಿಲ್ಲ. ನಾನು ಎಲ್ಲಾ ಹೇಳಿದೆ. ಅವನು ತುಳಿಯೋದು ನಿಲ್ಲಿಸಲಿಲ್ಲ.

"ಬುಡಿ ಅಕ್ಕ. ದೊಡ್ಡೋರ ಸವಾಸ ನಮಗ್ಯಾಕೆ? ನಾನು ಮಣ್ಣು ತುಳ್ಕೊಂಡು ಇದ್ಬುಡ್ತೀನಿ."

ನನಗೆ ಎಲ್ಲಿತ್ತೋ ಸಿಟ್ಟು. "ನನ್ನ ಗಂಡನ ಹಲ್ಲು ಉದುರಿರೋದು ನಿನ್ನ ಹೆಸರಿಗೆ ಕಣೋ! ನಿನಗೆ ಹೆಸರು ಬೇಡವಾದ್ರೆ ಆ ಹಲ್ಲು ತಂದ್ಕೊಡು!"

ಮಡಕೆ ಮಾಡೋ ತಿಗರಿ ಹತ್ತಿರ ಕೂತಿದ್ದ ಅವನ ಹೆಂಡತಿ ಭಾಗ್ಯಮ್ಮ ಎದ್ದಳು. ಮೊಣಕೈವರೆಗೂ ಮಣ್ಣು.

"ಇವರು ಬುಡು ಅಂದ್ರೆ ಬುಡೋಕೆ ಆ ಪದ ಇವರೊಬ್ಬರದ್ದೇ ಅಲ್ಲ ಕಣಕ್ಕ. ನಮ್ಮತ್ತೆ ನನಗೂ ಕಲಿಸವ್ಳೆ. ಈ ಕೊಪ್ಪಲ ಹೆಂಗಸರಿಗೆಲ್ಲ ಕಲಿಸವ್ಳೆ. ನಾಳೆ ನಾವು ಮಾರ್ಕೆಟ್ಟಿಗೆ ಗಡಿಗೆ ತರ್ತೀವಿ. ನೀವು ಅಲ್ಲಿಗೆ ಬನ್ನಿ."

ಮಾರನೆಯ ಬೆಳಿಗ್ಗೆ ತಲೆ ಮೇಲೆ ಗಡಿಗೆ ಹೊತ್ತ ಹೆಂಗಸರು ಸಾಲಾಗಿ ಬಂದ್ರು. ಮಾರ್ಕೆಟ್ಟಿನ ಒಳಗೆ ಹೋಗಲಿಲ್ಲ. ಗ್ರಾಮಫೋನು ಅಂಗಡಿ ಮುಂದೆ ಗಡಿಗೆ ಇಳಿಸಿ ನಿಂತ್ರು. ಒಳಗೆ ಪ್ಲೇಟು ತಿರುಗ್ತಿತ್ತು. ಜಗುಲಿ ಮೇಲೆ ದೊರೆಸ್ವಾಮಿ ಯಾರ ಜೊತೇನೋ ಮಾತಾಡ್ತಿದ್ದ.

ಭಾಗ್ಯಮ್ಮ ಪ್ಲೇಟಿನ ಜೊತೆಗೇ ದನಿ ಎತ್ತಿದಳು. ಉಳಿದೋರು ಸೇರ್ಕೊಂಡ್ರು. ದಾರಿಹೋಕರು ಮೊದಲು ನಕ್ಕರು. ಇದೇನು, ಕುಂಬಾರ ಹೆಂಗಸರಿಗೂ ದೊರೆಸ್ವಾಮಿ ಹುಚ್ಚು ಹಿಡೀತು ಅಂದ್ರು. ಪ್ಲೇಟಿನ ಒಂದು ಮಗ್ಗುಲಲ್ಲಿ ಹಿಡಿಸೋದು ಮೂರೇ ನಿಮಿಷ. ಮೂರು ನಿಮಿಷ ಆಯ್ತು, ಪ್ಲೇಟು ಕರಕರ ಅಂದು ನಿಂತಿತು. ಹೆಂಗಸರು ನಿಲ್ಲಿಸಲಿಲ್ಲ. ಪದ ಇನ್ನೂ ಅರ್ಧ ಇತ್ತು.

*ಕಟ್ಟಿಗೆ ನಾ ತಂದೆ, ಕಿಚ್ಚು ನಾನಿಕ್ಕಿದೆ,*
*ಗಡಿಗೆ ನನದಲ್ಲವೆಂದವರಾರೆ?*

ಆ ಸಾಲು ಪ್ಲೇಟಿನಲ್ಲಿ ಇರಲಿಲ್ಲ, ಪ್ಲೇಟಷ್ಟೇ ಕೇಳಿದ್ದ ಆ ಜನ ಅದನ್ನ ಕೇಳೇ ಇರಲಿಲ್ಲ. ನಗು ನಿಂತಿತು. ಹಣ್ಣಿನ ಗಾಡಿಯವನು ತೂಗೋದು ಬಿಟ್ಟು ನೋಡಿದ. ಜನ ದೊರೆಸ್ವಾಮಿ ಕಡೆ ತಿರುಗಿದ್ರು.

"ನೀವೂ ಹಾಡಿ ಸ್ವಾಮಿ. ನಿಮ್ಮ ಪದ ಅಲ್ವಾ?" ಅಂತ ಯಾರೋ ಕೂಗಿದ್ರು.

ದೊರೆಸ್ವಾಮಿ ಬಾಯಿ ತೆರೆದ. ಸುತ್ತ ನೋಡಿದ. ಅಂಗಡಿ ಒಳಗೆ ಹೊಕ್ಕು ಬಾಗಿಲು ಹಾಕ್ಕೊಂಡ. ಆಗ ಗುಂಪಿನ ಹಿಂದಿನಿಂದ ಗಂಡುದನಿಯೊಂದು ಪದ ಹಿಡೀತು. ಬೆಟ್ಟಯ್ಯ ಬಂದಿದ್ದ. ಕಾಲಿನ ಮಣ್ಣು ಕೂಡ ತೊಳ್ಕೊಂಡಿರಲಿಲ್ಲ. ಪ್ಲೇಟಿನ ದನಿ ದಿನಾ ಕೇಳ್ತಿದ್ದ ಆ ಜನಕ್ಕೆ ಯಾರೂ ಏನೂ ಹೇಳಬೇಕಾಗಲಿಲ್ಲ.

ಜಮಾದಾರ ಓಡಿ ಬಂದ. "ಯಾರ ಪರವಾನಗಿ ಇದೆ ನಿಮಗೆ?"

"ಸಾರೋಕೆ ತಾನೆ ಸ್ವಾಮಿ ಪರವಾನಗಿ? ನಾವು ಹಾಡ್ತಿದೀವಿ," ಅಂದೆ ನಾನು.

ಲಾಠಿ ಬಿತ್ತು. ಗಡಿಗೆಗಳು ಒಡೆದವು. ಭಾಗ್ಯಮ್ಮನ ಹೆಗಲು ಬಾತುಕೊಂಡಿತು. ಆದ್ರೆ ಗುಂಪು ಬೈತಾ ಬೈತಾ ಠಾಣೆವರೆಗೂ ಬಂದು ನಿಂತದ್ದಕ್ಕೆ, ಸಂಜೆ ಹೊತ್ತಿಗೆ ನಮ್ಮ ಯಜಮಾನ್ರನ್ನ ಬಿಟ್ಟರು.

ನ್ಯಾಯ ಸಿಕ್ತು ಅಂತ ಹೇಳೋಕೆ ನನಗೂ ಆಸೆ. ಸಿಗಲಿಲ್ಲ. ಪ್ಲೇಟಿನ ಮೇಲೆ ಇವತ್ತಿಗೂ ದೊರೆಸ್ವಾಮಿಯ ಹೆಸರೇ ಇದೆ. ಈ ಊರು ದಾಟಿದ್ರೆ ಎಲ್ಲರಿಗೂ ಅದು ಅವನದೇ ಹಾಡು. ಪರವಾನಗಿ ಮತ್ತೆ ಕೊಡಲಿಲ್ಲ. ಹಲ್ಲು ಹೋದ ಬಾಯಲ್ಲಿ ನಮ್ಮ ಯಜಮಾನ್ರ ಕೂಗು ಗಾಳಿಯಾಗಿ ಹೋಗುತ್ತೆ. ಗೋಡೆಗಳಂತೂ ನಮ್ಮವಲ್ಲ.

ಅವರು ಸುಮ್ಮನೆ ಕೂರಲಿಲ್ಲ. ಕುಂಬಾರಕೊಪ್ಪಲಿಗೆ ಹೋಗಿ, ಆವಿಗೆಗೆ ಇಡೋ ಮುಂಚೆ ಹಸಿ ಗಡಿಗೆ ಮೇಲೆ ಕಡ್ಡೀಲಿ ಕೆತ್ತೋಕೆ ಶುರುಮಾಡಿದ್ರು. ಬೋರ್ಡು ಬರೆದು ಪಳಗಿದ ಕೈ. 'ಹಾಡಿದವರು ಬೆಟ್ಟಯ್ಯ. ಕಟ್ಟಿದವರು ಅವರ ತಾಯಿ.' ಸುಟ್ಟ ಮೇಲೆ ಆ ಅಕ್ಷರ ತಿಕ್ಕಿದ್ರೂ ಹೋಗಲ್ಲ. ಹೆಂಗಸರು ಅದನ್ನ ಮೊಹಲ್ಲಾ ಮೊಹಲ್ಲಾಕ್ಕೂ, ಕಡಕೊಳದವರೆಗೂ ಹೊತ್ಕೊಂಡು ಹೋದ್ರು. ಪಿಟೀಲಿನವರು, ಹಾರ್ಮೋನಿಯಮ್ಮಿನವರು ಬಂದು, ನಮ್ಮ ಹೆಸರೂ ಬರೀರಿ ಆರೋಗ್ಯಪ್ಪ ಅಂದ್ರು.

ಮೊನ್ನೆ ವೆಂಕಟಸುಬ್ಬಯ್ಯನವರ ಅಡಿಗೆಯವರು ತಿಳೀದೆ ಅಂಥದೊಂದು ಗಡಿಗೆ ಕೊಂಡುಹೋದ್ರಂತೆ. ಸಾಹುಕಾರ್ರು ಅದನ್ನ ಬೀದಿಗೆ ಎತ್ತಿಹಾಕಿ ಒಡೆದ್ರು. ಚೂರುಗಳು ಇನ್ನೂ ಅವರ ಬಾಗಿಲ ಮುಂದೇನೇ ಬಿದ್ದಿವೆ. ಹೋಗೋರು ಬರೋರು ಬಗ್ಗಿ ಎತ್ತಿ ಓದ್ತಿದ್ದಾರೆ.